ಬೆಂಗಳೂರಿನಲ್ಲಿ ಬೈಕ್ ಸವಾರಿ: ಎಚ್ಚರ ಹೆಚ್ಚಿದಷ್ಟೂ ಖುಷಿ ಕಡಿಮೆಯಾಗಲೇಬೇಕೇ?

ಬನಶಂಕರಿಯ ಸವಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಬನಶಂಕರಿ ಎರಡನೇ ಹಂತದಲ್ಲಿ, ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಕಾಲೇಜಿನ ದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಆಸೆಯನ್ನು ಕಳೆದ ಯುಗಾದಿಗೆ ಈಡೇರಿಸಿಕೊಂಡು 350 ಸಿಸಿಯ ಬೈಕ್ ಒಂದನ್ನು ಕೊಂಡೆ. ಮೊದಲ ಮೂರು ತಿಂಗಳು ನಾನು ಕಚೇರಿಗೆ ಹೋಗುತ್ತಿದ್ದುದೇ ಬೈಕ್ ಓಡಿಸುವ ನೆಪಕ್ಕೆ ಎಂದರೂ ತಪ್ಪಿಲ್ಲ. ಬೆಳಿಗ್ಗೆ ಏಳಕ್ಕೆ ಮುಂಚೆ ಹೊರಟರೆ ಜಯನಗರದ ಮರಗಳ ಕೆಳಗೆ ಗಾಳಿ ಇನ್ನೂ ತಣ್ಣಗಿರುತ್ತದೆ, ಎಂಜಿನ್ನಿನ ಸದ್ದು ಎರಡೂ ಬದಿಯ ಕಾಂಪೌಂಡುಗಳಿಗೆ ತಾಗಿ ಮರಳಿ ಕಿವಿಗೆ ಬರುತ್ತದೆ, ಮೂರನೇ ಗೇರಿನಲ್ಲಿ ಗಾಡಿ ತನ್ನಷ್ಟಕ್ಕೆ ತಾನು ಸಾಗುತ್ತಿರುವಾಗ ಆ ದಿನದ ಕೆಲಸಗಳೆಲ್ಲ ಸ್ವಲ್ಪ ಹೊತ್ತು ತಲೆಯಿಂದ ಇಳಿದುಹೋಗುತ್ತವೆ.

ಜುಲೈ ತಿಂಗಳ ಒಂದು ಸಂಜೆ ಬೇಗೂರು ರಸ್ತೆಯ ತಿರುವೊಂದರಲ್ಲಿ ಇದೆಲ್ಲ ಬದಲಾಯಿತು. ಆಗಷ್ಟೇ ಮಳೆ ನಿಂತಿತ್ತು. ಎದುರಿನಿಂದ, ಅಂದರೆ ತಾನು ಬರಬಾರದ ಬದಿಯಿಂದ, ಕಾಲಿನ ಬಳಿ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡ ಸ್ಕೂಟರ್ ಸವಾರರೊಬ್ಬರು ನೇರವಾಗಿ ನನ್ನೆದುರಿಗೇ ಬಂದರು. ಎರಡೂ ಬ್ರೇಕುಗಳನ್ನು ಇದ್ದಬದ್ದ ಬಲದಿಂದ ಹಿಡಿದೆ. ಗಾಡಿ ನಿಂತಾಗ ನನ್ನ ಮುಂದಿನ ಚಕ್ರಕ್ಕೂ ಅವರ ಮೊಣಕಾಲಿಗೂ ನಾಲ್ಕು ಬೆರಳಿನ ಅಂತರವಿತ್ತು. "ನೋಡ್ಕೊಂಡು ಬರೋದಲ್ವೇನ್ರೀ" ಎಂದು ಅವರು ನನಗೇ ಬುದ್ಧಿ ಹೇಳಿ ಮುಂದೆ ಹೋದರು. ನಾನು ಪಕ್ಕದ ಟೀ ಅಂಗಡಿಯಲ್ಲಿ ಕುಳಿತೆ. ಲೋಟ ಹಿಡಿದ ಕೈಯ ನಡುಕ ನಿಲ್ಲಲು ಹತ್ತು ನಿಮಿಷ ಬೇಕಾಯಿತು.

ಅಂದಿನಿಂದ ನನ್ನ ಸವಾರಿ ತುಂಬಿದ ಕೊಡ ಹೊತ್ತವನ ನಡಿಗೆಯಂತಾಗಿದೆ. ಜಾಕೆಟ್, ಮೊಣಕಾಲು ಕವಚ, ಗ್ಲೌಸ್ ಎಲ್ಲವನ್ನೂ ಕೊಂಡಿದ್ದೇನೆ. ಅವನ್ನು ತೊಟ್ಟು ಹೊರಡುವಷ್ಟರಲ್ಲಿ ಹತ್ತು ನಿಮಿಷ ಕಳೆಯುತ್ತದೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತರೆ ಒಳಗೆಲ್ಲ ಬೆವರು. ರಸ್ತೆಯ ತೀರಾ ಎಡಕ್ಕೆ ಅಂಟಿಕೊಂಡು 30ರಲ್ಲಿ ಹೋಗುತ್ತೇನೆ, ಹಿಂದಿನಿಂದ ಬಸ್ಸುಗಳು ಹಾರ್ನ್ ಹೊಡೆಯುತ್ತಲೇ ಇರುತ್ತವೆ. ಕಚೇರಿ ತಲುಪಿ ಫೋನ್ ಮಾಡುವವರೆಗೆ ಅಮ್ಮ ತಿಂಡಿ ತಿನ್ನುವುದಿಲ್ಲ. ಇಷ್ಟು ಹೆದರುವವನು ಸ್ಕೂಟರಿನಲ್ಲೇ ಇರಬಹುದಿತ್ತಲ್ಲ ಎಂದು ಒಬ್ಬ ಗೆಳೆಯ ಹೇಳುತ್ತಾನೆ. ಭಾನುವಾರ ಮುಂಜಾನೆ ನೈಸ್ ರಸ್ತೆಗೆ ಬಂದು ಒಮ್ಮೆ 110 ಮುಟ್ಟಿಸಿದರೆ ಹೆದರಿಕೆ ತಾನಾಗಿ ಬಿಟ್ಟುಹೋಗುತ್ತದೆ ಎನ್ನುವುದು ಇನ್ನೊಬ್ಬನ ಸಲಹೆ. ಎರಡೂ ನನಗೆ ಸರಿ ಕಾಣುತ್ತಿಲ್ಲ.

ನಗರದೊಳಗೆ ದಿನವೂ ಓಡಿಸುವವನಿಗೆ ಬೈಕಿನ ಸಂತೋಷ ಎಲ್ಲಿಂದ ಬರಬೇಕು, ಮತ್ತು ಅಪಾಯವನ್ನು ಹೆಚ್ಚಿಸಿಕೊಳ್ಳದೆ ಅದನ್ನು ಮರಳಿ ಪಡೆಯುವ ದಾರಿ ಇದೆಯೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಹಳೇ ಯೆಜ್ಡಿ

ಬನಶಂಕರಿಯ ಸವಾರರೇ, ನಿಮ್ಮ ಕೈ ನಡುಗಿದ್ದು ಒಳ್ಳೆಯ ಲಕ್ಷಣ. ಅಂಥ ಘಟನೆಯ ನಂತರವೂ ಕೈ ನಡುಗದವರನ್ನು ಕಂಡರೆ ನನಗೆ ಹೆಚ್ಚು ಭಯ.

ನಾನು 1986ರಿಂದ ಈ ಊರಿನಲ್ಲಿ ಬೈಕ್ ಓಡಿಸುತ್ತಿದ್ದೇನೆ. ಮೊದಲ ಗಾಡಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೆ ನನ್ನ ಗಾಡಿ ಇನ್ನೂ ಮನೆಯ ಮುಂದೆ ನಿಂತಿದೆ. ಇಂದಿನ ಹುಡುಗರಿಗೆ ಅದನ್ನು ತೋರಿಸಿದರೆ ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಕಡ್ಡಿಯೂ ಆಗುವುದನ್ನು ನೋಡಿ ಬೆರಗಾಗುತ್ತಾರೆ. ನಾನು ಹೇಳಹೊರಟಿರುವುದು ಮಾತ್ರ ಅದರ ಬ್ರೇಕಿನ ವಿಷಯ. ಮುಂದೂ ಡ್ರಮ್, ಹಿಂದೂ ಡ್ರಮ್; ಮಳೆಯಲ್ಲಿ ನೆನೆದರೆ ಹಿಡಿದ ತಕ್ಷಣ ಕಚ್ಚುತ್ತಲೂ ಇರಲಿಲ್ಲ. ಹಾಗಾಗಿ ಅದನ್ನು ಓಡಿಸಿದವರೆಲ್ಲರೂ ಬ್ರೇಕನ್ನು ಕೊನೆಯ ಉಪಾಯವಾಗಿ ಇಟ್ಟುಕೊಂಡು, ಐವತ್ತು ಅಡಿ ಮುಂದೆ ಏನಾಗಲಿದೆ ಎಂಬುದನ್ನು ಮೊದಲೇ ಊಹಿಸಿ ಆಕ್ಸಿಲರೇಟರನ್ನು ಬಿಡುವುದನ್ನು ಕಲಿಯಲೇಬೇಕಿತ್ತು. ಆ ಊಹೆ ನಿಜವಾದಾಗ ಸಿಗುತ್ತಿದ್ದ ಸಣ್ಣ ಹೆಮ್ಮೆಯೇ ನನಗೆ ನಗರದ ಸವಾರಿಯ ಸಂತೋಷ. ವೇಗದ ಸುಖ ಬೇರೆ, ಅದು ಈ ರಸ್ತೆಗಳಲ್ಲಿ ಸಿಗುವಂಥದ್ದಲ್ಲ.

ಇದಕ್ಕಾಗಿ ನಾನು ಹಲವು ವರ್ಷಗಳಿಂದ ಒಂದು ಆಟ ಆಡುತ್ತಿದ್ದೇನೆ. ಮನೆಯಿಂದ ಹೊರಟು ತಲುಪಬೇಕಾದಲ್ಲಿಗೆ ತಲುಪುವುದರೊಳಗೆ ಎಷ್ಟು ಸಲ ಗಟ್ಟಿಯಾಗಿ, ಅಂದರೆ ಮೈ ಮುಂದಕ್ಕೆ ಬಾಗುವಷ್ಟು ಬ್ರೇಕ್ ಹಿಡಿಯಬೇಕಾಯಿತು ಎಂದು ಎಣಿಸುತ್ತೇನೆ. ತಪ್ಪು ಯಾರದೇ ಆಗಿರಲಿ, ಲೆಕ್ಕ ನನ್ನ ಖಾತೆಗೆ. ನಾಯಿ ಅಡ್ಡ ಬಂದರೂ ಒಂದು, ಆಟೋ ನಡುರಸ್ತೆಯಲ್ಲಿ ನಿಂತರೂ ಒಂದು. ಇದು ಅನ್ಯಾಯದ ಲೆಕ್ಕವೆಂದು ನಿಮಗೆ ಅನಿಸಬಹುದು, ಆದರೆ ಲೆಕ್ಕ ನನ್ನದಾದಾಗ ಮಾತ್ರ ಕಣ್ಣು ಹುಡುಕಲು ಶುರುಮಾಡುತ್ತದೆ. ಆಟೋ ಚಾಲಕರ ಮುಖ ಎಡಗಡೆಯ ಫುಟ್‌ಪಾತಿನತ್ತ ತಿರುಗಿದ್ದರೆ ಅವರು ಗಿರಾಕಿಯನ್ನು ಹುಡುಕುತ್ತಿದ್ದಾರೆ, ಇಂಡಿಕೇಟರ್ ಹಾಕದೆಯೇ ಎಡಕ್ಕೆ ಎಳೆಯುತ್ತಾರೆ ಎಂದು ತಿಳಿಯಬೇಕು. ಬಿಎಂಟಿಸಿ ಬಸ್ಸಿನ ಹಿಂಗಾಜಿನಲ್ಲಿ ಜನ ಸೀಟಿನಿಂದ ಎದ್ದು ಬಾಗಿಲಿನತ್ತ ಸರಿಯುವುದು ಕಂಡರೆ ನಿಲ್ದಾಣ ಬಂತೆಂದೇ ಅರ್ಥ. ಬದಿಯಲ್ಲಿ ನಿಂತ ಕಾರಿನ ಸ್ಟೀರಿಂಗ್ ಹಿಂದೆ ತಲೆಯೊಂದು ಕಾಣುತ್ತಿದ್ದರೆ ಆ ಬಾಗಿಲು ತೆರೆಯಲಿದೆ ಎಂದುಕೊಂಡು ಒಂದು ಬಾಗಿಲಿನಷ್ಟು ಅಂತರ ಬಿಡಿ. ತಿರುಗುವ ಕಾರಿನ ಇಂಡಿಕೇಟರನ್ನು ನಂಬಬೇಡಿ, ಅದರ ಮುಂದಿನ ಚಕ್ರ ಎತ್ತ ವಾಲುತ್ತಿದೆ ಎಂಬುದನ್ನು ನೋಡಿ. ಚಕ್ರ ಸುಳ್ಳು ಹೇಳುವುದಿಲ್ಲ. ರಸ್ತೆಯ ನಡುವೆ ಮರದ ಕೊಂಬೆ ನೆಟ್ಟಿದ್ದರೆ ಅದರ ಬುಡದಲ್ಲಿ ಗುಂಡಿಯೋ ಬಾಯ್ತೆರೆದ ಮ್ಯಾನ್‌ಹೋಲೋ ಇದೆ ಎಂಬುದು ಬೆಂಗಳೂರಿಗರಿಗೆ ಹೇಳಿಕೊಡಬೇಕಾದ ಮಾತಲ್ಲ.

ನೀವು ತೀರಾ ಎಡಕ್ಕೆ ಅಂಟಿಕೊಂಡು ಹೋಗುವುದನ್ನು ದಯವಿಟ್ಟು ಬಿಡಿ. ಅದು ಸುರಕ್ಷಿತವೆಂದು ಅನಿಸುತ್ತದೆ, ಆದರೆ ತೆರೆಯುವ ಬಾಗಿಲು, ಫುಟ್‌ಪಾತಿನಿಂದ ಇಳಿಯುವ ಜನ, ಚರಂಡಿಯ ಜಾಲರಿ, ಮರಳು, ಎದುರುಬದಿಯಿಂದ ಬರುವ ಸಿಲಿಂಡರ್ ಸ್ಕೂಟರ್ ಎಲ್ಲವೂ ಇರುವುದು ಅಲ್ಲಿಯೇ. ಅಲ್ಲದೆ ಅಲ್ಲಿ ನಿಮಗೆ ತಪ್ಪಿಸಿಕೊಳ್ಳಲು ಒಂದೇ ದಿಕ್ಕು ಉಳಿಯುತ್ತದೆ, ಆ ದಿಕ್ಕಿನಲ್ಲಿ ಬಸ್ಸು ಇರುತ್ತದೆ. ಸುತ್ತಲಿನ ವಾಹನಗಳ ವೇಗದಲ್ಲೇ, ನಿಮ್ಮ ಸಾಲಿನಲ್ಲಿ ಒಂದು ಕಾರು ಹೋಗುವ ಜಾಗವನ್ನು ಆಕ್ರಮಿಸಿಕೊಂಡು ಹೋಗಿ. ಸಿಗ್ನಲ್ಲಿನ ಹತ್ತಿರ ಮಾತ್ರ ಸಾಲಿನ ನಟ್ಟನಡುವೆ ಬೇಡ. ನಿಂತ ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆಯೆಲ್ಲ ಅಲ್ಲಿಯೇ ಇರುತ್ತದೆ.

ವೇಗದ ಬಗ್ಗೆ ಒಂದು ಸಣ್ಣ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್, 40 ಎಂದರೆ 11 ಮೀಟರ್. ಅಡ್ಡ ಬಂದದ್ದು ಕಣ್ಣಿಗೆ ಬಿದ್ದು ಬೆರಳು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ 40ರಲ್ಲಿದ್ದ ಗಾಡಿ ಒಟ್ಟು 20 ಮೀಟರಿನಲ್ಲಿ ನಿಲ್ಲುತ್ತದೆ, 60ರಲ್ಲಿದ್ದದ್ದಕ್ಕೆ 37 ಮೀಟರ್ ಬೇಕು. ಇಷ್ಟು ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದಿರುವುದೇನೆಂದರೆ, 40ರ ಗಾಡಿ ಪೂರ್ತಿ ನಿಂತ ಜಾಗವನ್ನು 60ರ ಗಾಡಿ ದಾಟುವಾಗ ಅದರ ವೇಗ ಇನ್ನೂ 55ರ ಆಸುಪಾಸಿನಲ್ಲಿರುತ್ತದೆ. ಅಂದರೆ ಅಲ್ಲಿ ಮಗುವೊಂದು ನಿಂತಿದ್ದರೆ ಬ್ರೇಕ್ ಹಿಡಿದದ್ದಕ್ಕೂ ಬಿಟ್ಟದ್ದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನಿಮ್ಮ ಗೆಳೆಯರು 110ರಿಂದ ಹೆದರಿಕೆ ಹೋಗಿಸುತ್ತೇನೆ ಎನ್ನುತ್ತಿರುವುದು ಈ ಲೆಕ್ಕ ಮಾಡದೆ ಎಂದು ಕಾಣುತ್ತದೆ.

ನಲವತ್ತು ವರ್ಷಗಳಲ್ಲಿ ನಾನು ಎರಡು ಸಲ ಬಿದ್ದಿದ್ದೇನೆ, ಎರಡೂ ಸಲ ಮನೆಯಿಂದ ತಡವಾಗಿ ಹೊರಟಿದ್ದೆ. ಮೊದಲನೆಯದು ಬಸವನಗುಡಿಯಲ್ಲಿ, ಬೇಸಿಗೆಯ ಮೊದಲ ಮಳೆಯ ಮರುಕ್ಷಣ. ಹೊಂಗೆ ಹೂ ರಸ್ತೆಯ ತುಂಬ ಅಕ್ಷತೆ ಚೆಲ್ಲಿದಂತೆ ಬಿದ್ದಿತ್ತು, ನೋಡಲು ಬಹಳ ಚೆನ್ನಾಗಿತ್ತು. ಆ ನೆನೆದ ಹೂವಿನ ಮೇಲೆ ತಿರುವು ತೆಗೆದುಕೊಳ್ಳುತ್ತಾ ಮುಂದಿನ ಬ್ರೇಕ್ ಮುಟ್ಟಿದೆ. ಚಕ್ರ ಜಾರಿದ್ದು ಗೊತ್ತಾಗಲೇ ಇಲ್ಲ, ನೆಲ ಬಂದದ್ದು ಮಾತ್ರ ಗೊತ್ತಾಯಿತು. ಮೊದಲ ಮಳೆಯಲ್ಲಿ ರಸ್ತೆಯ ಮೇಲಿನ ಎಣ್ಣೆಯೂ ದೂಳೂ ಕಲೆತು ಸಾಬೂನಿನಂತಾಗುತ್ತವೆ. ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಮೇಲ್ಸೇತುವೆಯ ಕಬ್ಬಿಣದ ಜೋಡಣೆ ಇವುಗಳ ಮೇಲೆ ಗಾಡಿಯನ್ನು ನೇರವಾಗಿಟ್ಟು, ಬ್ರೇಕ್ ಮುಟ್ಟದೆ ದಾಟಬೇಕು ಎಂಬುದನ್ನು ನಾನು ಕಲಿತದ್ದು ಆ ದಿನ. ಎರಡನೆಯ ಬೀಳುವಿಕೆಯ ಕತೆ ಬೇಡ, ಅದರಲ್ಲಿ ನನ್ನ ಮೂರ್ಖತನ ಬಿಟ್ಟರೆ ಕಲಿಯುವಂಥದ್ದೇನೂ ಇಲ್ಲ.

ರಾತ್ರಿಪಾಳಿ

ನಾನು ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕಿ. ಬೈಕ್ ಓಡಿಸಲು ಬರುವುದಿಲ್ಲ, ಬಿದ್ದವರನ್ನು ಮಾತ್ರ ಬಲ್ಲೆ. ಆ ಕಡೆಯಿಂದ ಎರಡು ಮಾತು ಹೇಳಬಹುದೆಂದು ಬರೆಯುತ್ತಿದ್ದೇನೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರ ಸಂಖ್ಯೆ 50,000 ದಾಟಿತ್ತು. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಕಾಕ್ರೇನ್ ಸಮೀಕ್ಷೆಯು ಹೆಲ್ಮೆಟ್ ಸಾವಿನ ಸಂಭವವನ್ನು ಶೇ. 42ರಷ್ಟು, ತಲೆಗೆ ಪೆಟ್ಟಾಗುವ ಸಂಭವವನ್ನು ಶೇ. 69ರಷ್ಟು ತಗ್ಗಿಸುತ್ತದೆ ಎಂದು ಕಂಡುಕೊಂಡಿದೆ. ಈ ಅಂಕಿಗಳಲ್ಲಿ ಕಾಣದ ಒಂದು ಸಂಗತಿ ನಮ್ಮ ವಿಭಾಗದಲ್ಲಿ ಕಾಣುತ್ತದೆ: ಗಾಯಾಳುವನ್ನು ಕರೆತಂದವರ ಕೈಯಲ್ಲಿ ಹೆಲ್ಮೆಟ್ ಇರುತ್ತದೆ, ಅದರ ಮೇಲೆ ಒಂದು ಗೀರೂ ಇರುವುದಿಲ್ಲ. ತಲೆಯ ಮೇಲೇ ಇತ್ತು, ಬಿದ್ದಾಗ ಹಾರಿಹೋಯಿತು ಎನ್ನುತ್ತಾರೆ. ಗಲ್ಲದ ಪಟ್ಟಿಯನ್ನು ಹಾಕಿರಲಿಲ್ಲ, ಅಥವಾ ಪೊಲೀಸರಿಗೆ ತೋರಿಸಲಷ್ಟೇ ಎಂಬಂತೆ ಸಡಿಲವಾಗಿ ಜೋತುಬಿಟ್ಟಿದ್ದರು. ಪಟ್ಟಿ ಬಿಗಿದ ಮೇಲೆ ಗಲ್ಲಕ್ಕೂ ಅದಕ್ಕೂ ನಡುವೆ ಎರಡು ಬೆರಳಿಗಿಂತ ಹೆಚ್ಚು ತೂರಬಾರದು. ಪಟ್ಟಿ ಹಾಕಿಕೊಂಡು ಹೆಲ್ಮೆಟ್ಟನ್ನು ಹಿಂದಿನಿಂದ ಮುಂದಕ್ಕೆ ಎತ್ತಿ ನೋಡಿ, ಅದು ಕಳಚಿ ಬಂದರೆ ಅಳತೆ ನಿಮ್ಮದಲ್ಲ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂಬ ನಿಯಮವಿದ್ದರೂ ರಸ್ತೆ ಬದಿಯಲ್ಲಿ ತಲೆಯ ಅರ್ಧವನ್ನು ಮಾತ್ರ ಮುಚ್ಚುವ ಬುಟ್ಟಿಗಳು ಇಂದಿಗೂ ಸಿಗುತ್ತವೆ. ಒಳಗಿನ ಥರ್ಮೊಕೋಲ್ ಒಮ್ಮೆ ಜೋರಾಗಿ ಪೆಟ್ಟು ತಿಂದು ಅಮುಕಿಕೊಂಡರೆ ಮತ್ತೆ ಉಬ್ಬುವುದಿಲ್ಲ, ಹೊರಗೆ ಚೆನ್ನಾಗಿ ಕಂಡರೂ ಆ ಹೆಲ್ಮೆಟ್ಟಿನ ಕೆಲಸ ಮುಗಿಯಿತು.

ಬಿಸಿಲಿಗೆ ಜಾಕೆಟ್ ಕಷ್ಟವೆಂದು ಪ್ರಶ್ನೆ ಕೇಳಿದವರು ಬರೆದಿದ್ದಾರೆ. ಅದು ನಿಜ, ಆದ್ದರಿಂದ ಗಾಳಿಯಾಡುವ ಜಾಲರಿ ಬಟ್ಟೆಯ ಜಾಕೆಟ್ ನೋಡಿ. ಏನನ್ನು ಬಿಟ್ಟರೂ ಗ್ಲೌಸ್ ಬಿಡಬೇಡಿ. ಬೀಳುವ ಮನುಷ್ಯ ತಿಳಿಯದೆಯೇ ಮೊದಲು ಅಂಗೈ ಊರುತ್ತಾನೆ. ಅಂಗೈಯ ಚರ್ಮದೊಳಗೆ ಹೊಕ್ಕ ರಸ್ತೆಯ ಜಲ್ಲಿಪುಡಿಯನ್ನು ನಾವು ಒಂದೊಂದಾಗಿ ತೊಳೆದು ತೆಗೆಯಬೇಕಾಗುತ್ತದೆ, ಆಗ ರೋಗಿಗೆ ಆಗುವ ನೋವನ್ನು ನಾನು ಇಲ್ಲಿ ಬರೆಯುವುದಿಲ್ಲ. ನಂತರ ಎರಡು ವಾರ ಆತ ತನ್ನ ಕೈಯಿಂದ ಊಟವನ್ನೂ ಮಾಡಲಾರ.

ಯಾರಾದರೂ ಬಿದ್ದದ್ದನ್ನು ಕಂಡರೆ ನಿಂತು ಸಹಾಯ ಮಾಡಿ. ಸಹಾಯಕ್ಕೆ ಬಂದವರನ್ನು ರಕ್ಷಿಸುವ 134ಎ ಕಲಮು ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದೆ. ಉಸಿರಾಟ ಸರಿಯಿದ್ದರೆ ಆತುರದಲ್ಲಿ ಹೆಲ್ಮೆಟ್ಟನ್ನು ಎಳೆದು ತೆಗೆಯಬೇಡಿ, ಕತ್ತಿಗೆ ಪೆಟ್ಟಾಗಿರಬಹುದು.

ಕಾರಿಗೆ ಬದಲಾದವನು

ಹಳೇ ಯೆಜ್ಡಿಯವರ ಮಾತುಗಳು ಚೆನ್ನಾಗಿವೆ, ಆದರೆ ಅವುಗಳಲ್ಲಿ ಒಂದು ಅಪಾಯವಿದೆ ಎಂದು ನನ್ನ ಅಭಿಪ್ರಾಯ. ಗಮನವಿದ್ದರೆ ಸಾಕು, ಏನೂ ಆಗುವುದಿಲ್ಲ ಎಂಬ ನಂಬಿಕೆಯನ್ನು ಅವು ಹುಟ್ಟಿಸಬಹುದು. ಮೂರು ವರ್ಷಗಳ ಹಿಂದೆ ನಾನು ಕೆಂಪು ದೀಪಕ್ಕೆ ನಿಂತಿದ್ದೆ. ಓಡಿಸುತ್ತಿರಲಿಲ್ಲ, ನಿಂತಿದ್ದೆ. ಹಿಂದಿನಿಂದ ನೀರಿನ ಟ್ಯಾಂಕರ್ ಬಂದು ಗುದ್ದಿತು. ಬಲಗಾಲಿನಲ್ಲಿ ಈಗಲೂ ಕಂಬಿಯಿದೆ. ಆ ದಿನ ನಾನು ಯಾವ ಆಟವನ್ನು ಆಡಿದ್ದರೂ ನನ್ನ ಲೆಕ್ಕದಲ್ಲಿ ಸೊನ್ನೆಯೇ ಇರುತ್ತಿತ್ತು.

ಎಷ್ಟು ಸಲ ಆ ಅಪಾಯಕ್ಕೆ ಒಡ್ಡಿಕೊಳ್ಳುತ್ತೀರಿ ಎಂಬುದು ಕೌಶಲಕ್ಕಿಂತ ದೊಡ್ಡ ಪ್ರಶ್ನೆ. ಬನಶಂಕರಿಯಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು, 2025ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗವನ್ನು ಹಿಡಿದರೆ ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೊದಲ್ಲೇ ಹೋಗಬಹುದು. ಹೊಸೂರು ರಸ್ತೆಯ ಸಂಜೆಯ ದಟ್ಟಣೆಯಲ್ಲಿ ಕ್ಲಚ್ ಹಿಡಿದು ಬಿಟ್ಟು ಹಿಡಿದು ಬಿಟ್ಟು ಎಡಗೈ ಸೋಲುವುದರಲ್ಲಿ ಯಾವ ಸಂತೋಷವಿದೆ? ಆ ದಿನಗಳನ್ನು ರೈಲಿಗೆ ಬಿಟ್ಟುಕೊಟ್ಟು, ನಿಮಗೆ ಬೇಕೆನಿಸಿದ ದಿನ, ಬೇಕೆನಿಸಿದ ಹೊತ್ತಿಗೆ ಮಾತ್ರ ಬೈಕ್ ತೆಗೆಯಿರಿ.

ಹಿಂದಿನ ಸೀಟಿನಿಂದ ಬಂದವಳು

ನಾನು ಎಂಟು ವರ್ಷ ಹಿಂದಿನ ಸೀಟಿನಲ್ಲಿ ಕೂತು, ನಂತರ ನನ್ನದೇ 150 ಸಿಸಿ ಬೈಕ್ ಕೊಂಡವಳು. ಕಾರಿಗೆ ಬದಲಾದವರ ನೋವು ಅರ್ಥವಾಗುತ್ತದೆ, ಆದರೂ ಬೈಕನ್ನು ಭಾನುವಾರಕ್ಕೆ ಮಾತ್ರ ಇಟ್ಟುಕೊಂಡರೆ ಕೈಗೆ ಅಭ್ಯಾಸ ತಪ್ಪುತ್ತದೆ ಎಂಬುದನ್ನೂ ನೆನಪಿಡಬೇಕು. ವಾರಕ್ಕೆ ಎರಡು ದಿನವಾದರೂ ಓಡಿಸುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ಹಳೇ ಯೆಜ್ಡಿಯವರ ಆಟಕ್ಕೆ ನನ್ನದೊಂದು ಸೇರ್ಪಡೆ. ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಹೋಗಿ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದ್ದರಿಂದ ಒಂದು ವಿಚಿತ್ರ ಅನುಕೂಲವಾಗಿದೆ: ನೀವು ಬ್ರೇಕನ್ನು ಒರಟಾಗಿ ಹಿಡಿದಾಗಲೆಲ್ಲ ಹಿಂದಿನವರ ಹೆಲ್ಮೆಟ್ ನಿಮ್ಮ ಹೆಲ್ಮೆಟ್ಟಿಗೆ ಟಕ್ಕೆಂದು ತಾಗುತ್ತದೆ. ಗೇರ್ ಬದಲಾಯಿಸುವಾಗ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೂ ತಾಗುತ್ತದೆ. ಆ ಎಂಟು ವರ್ಷ ನನ್ನ ಹಣೆ ಆ ಪೆಟ್ಟನ್ನು ಎಷ್ಟು ತಿಂದಿದೆಯೆಂದರೆ, ನಾನು ಓಡಿಸಲು ಕಲಿತಾಗ ನನ್ನ ಹಿಂದೆ ಕೂತವರಿಗೆ ಆ ಟಕ್ ಕೇಳಿಸಬಾರದು ಎಂಬುದೊಂದೇ ಗುರಿಯಾಗಿತ್ತು. ಮುಂಬ್ರೇಕನ್ನು ಎರಡು ಬೆರಳಿನಿಂದ ಹಿಡಿಯುವಾಗ ಮೊದಲು ಮೆಲ್ಲಗೆ ಒತ್ತಿ, ಗಾಡಿಯ ಮೂಗು ಬಾಗಿ ಭಾರ ಮುಂದಿನ ಟೈರಿಗೆ ಇಳಿದದ್ದು ಕೈಗೆ ತಿಳಿದ ಮೇಲೆ ಒತ್ತಡವನ್ನು ಏರಿಸಿ, ನಿಲ್ಲುವ ಮುನ್ನ ಒಂದು ಕೂದಲೆಳೆಯಷ್ಟು ಸಡಿಲಿಸಿದರೆ ಗಾಡಿ ದೋಣಿ ದಡಕ್ಕೆ ತಾಗಿದಂತೆ ನಿಲ್ಲುತ್ತದೆ. ಇದು ಬಂದ ದಿನ ಸಿಗುವ ಸಂತೋಷಕ್ಕೆ ಮುಖ್ಯರಸ್ತೆಯೇ ಬೇಕಾಗಿಲ್ಲ, ಮನೆಯ ಮುಂದಿನ ಅಡ್ಡರಸ್ತೆ ಸಾಕು.

ನಿಮ್ಮ ತಾಯಿಯವರನ್ನು ಕರೆದುಕೊಂಡು ಹೋಗಿ ಎಂದು ಸಲಹೆ ಕೊಡುತ್ತೇನೆ. ಭಾನುವಾರ ಬೆಳಿಗ್ಗೆ ಆರಕ್ಕೆ ಗಾಂಧಿ ಬಜಾರ್, ಚಾಮರಾಜಪೇಟೆ, ಕೆ.ಆರ್. ವೃತ್ತ, ವಿಧಾನಸೌಧದ ಮುಂದಿನ ರಸ್ತೆ, ಹಿಂದಿರುಗುವಾಗ ಎಲ್ಲಾದರೂ ಒಂದು ಕಾಫಿ. ಸೀರೆಯುಟ್ಟು ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುವುದಾದರೆ ತಿರುವಿನಲ್ಲಿ ತೂಕ ಒಂದು ಕಡೆಗೆ ಎಳೆಯುತ್ತದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೇಳಿ. ದುಪಟ್ಟಾ ಚಕ್ರಕ್ಕೆ ಸಿಕ್ಕಿ ಬಿದ್ದವರೊಬ್ಬರನ್ನು ನಾನೇ ಎತ್ತಿ ಕೂರಿಸಿದ್ದೇನೆ. ಅವರು ಹಿಂದೆ ಕೂತು ನಿಮ್ಮ ಓಟವನ್ನು ಸ್ವತಃ ಕಂಡರೆ, ಫೋನ್ ಬರುವವರೆಗೆ ತಿಂಡಿ ಬಿಡುವ ಅಭ್ಯಾಸವನ್ನೂ ಬಿಡಬಹುದು.

ಕೊನೆಗೆ, ಇದು ಹೆಂಗಸರಿಗೆ ಹೆಚ್ಚು ಗೊತ್ತಿರುವ ವಿಷಯ. ನಾನು ಬೈಕ್ ಮೇಲೆ ಕಂಡರೆ ಸಾಕು, ನನ್ನನ್ನು ಹಿಂದೆ ಹಾಕದೆ ಹೋದರೆ ಮಾನ ಹೋಯಿತೆಂಬಂತೆ ನುಗ್ಗುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಮೊದಮೊದಲು ನನಗೂ ಕೈ ತುರಿಸುತ್ತಿತ್ತು. ಈಗ ಎಡಕ್ಕೆ ಸರಿದು ದಾರಿ ಬಿಡುತ್ತೇನೆ, ಮುಂದಿನ ಸಿಗ್ನಲ್ಲಿನಲ್ಲಿ ಅವರ ಪಕ್ಕದಲ್ಲೇ ಹೋಗಿ ನಿಲ್ಲುತ್ತೇನೆ. ಅವರ ಮುಖ ಆಗ ನೋಡುವಂತಿರುತ್ತದೆ. ಇದನ್ನು ಕೂಡ ನಗರ ಸವಾರಿಯ ಸಂತೋಷಗಳ ಪಟ್ಟಿಗೆ ಸೇರಿಸಬಹುದೇನೋ.

ಬನಶಂಕರಿಯ ಸವಾರ

ನಾಲ್ವರಿಗೂ ಧನ್ಯವಾದಗಳು. ಮೂರು ವಾರ ಪ್ರಯತ್ನಿಸಿದ ನಂತರ ಬರೆಯುತ್ತಿದ್ದೇನೆ. ಸೋಮವಾರ, ಬುಧವಾರ, ಶುಕ್ರವಾರ ಮೆಟ್ರೊ. ಮಂಗಳವಾರ, ಗುರುವಾರ ಬೈಕ್, ಅದೂ ಬೆಳಿಗ್ಗೆ 6.45ಕ್ಕೆ ಹೊರಟು ಸಂಜೆ ನಾಲ್ಕಕ್ಕೆ ಹಿಂದಿರುಗುವಂತೆ ಕಚೇರಿಯಲ್ಲಿ ಒಪ್ಪಿಗೆ ಪಡೆದಿದ್ದೇನೆ. ಗಟ್ಟಿ ಬ್ರೇಕಿನ ಲೆಕ್ಕ ಮೊದಲ ದಿನ 14 ಇತ್ತು. ನಾನು ಇಷ್ಟು ಕೆಟ್ಟದಾಗಿ ಓಡಿಸುತ್ತಿದ್ದೆ ಎಂಬುದು ಆ ಸಂಖ್ಯೆಯನ್ನು ನೋಡುವವರೆಗೆ ಗೊತ್ತೇ ಇರಲಿಲ್ಲ, ಏಕೆಂದರೆ ಪ್ರತಿ ಸಲವೂ ತಪ್ಪು ಬೇರೆಯವರದೇ ಆಗಿತ್ತು. ಕಳೆದ ಗುರುವಾರ 3. ಎಡದಂಚನ್ನು ಬಿಟ್ಟ ಮೇಲೆ ಬಸ್ಸಿನವರ ಹಾರ್ನ್ ಕಡಿಮೆಯಾಗಿರುವುದು ನನಗೆ ಇನ್ನೂ ಆಶ್ಚರ್ಯ.

ಅಮ್ಮನನ್ನು ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿದ್ದೆ. ಟಕ್ ಎಂಬ ಸದ್ದು ಐದು ಸಲ ಕೇಳಿಸಿತು. ಐದನೆಯದಕ್ಕೆ "ನಿಧಾನ ಕಣೋ, ತಲೆ ಒಂದೇ ಇರೋದು" ಎಂದರು. ಹೂ ಕೊಂಡು ಬಂದೆವು.

ಒಂದು ಅನುಮಾನ ಉಳಿದಿದೆ. ಭಾನುವಾರ ಖಾಲಿ ಮೈದಾನದ ಪಕ್ಕದ ರಸ್ತೆಯಲ್ಲಿ 30ರ ವೇಗದಿಂದ ಪೂರ್ತಿ ಬ್ರೇಕ್ ಹಿಡಿದು ನಿಲ್ಲಿಸುವ ಅಭ್ಯಾಸ ಮಾಡುತ್ತಿದ್ದಾಗ, ಮರಳು ಬಿದ್ದಿದ್ದ ಕಡೆ ಬ್ರೇಕಿನ ಹಿಡಿಕೆ ಬೆರಳಿಗೆ ಟಕಟಕನೆ ಹೊಡೆದಂತಾಯಿತು. ಗಾಬರಿಯಿಂದ ಬಿಟ್ಟುಬಿಟ್ಟೆ. ಗಾಡಿಯಲ್ಲಿ ಏನಾದರೂ ದೋಷವಿರಬಹುದೇ?

ಹಳೇ ಯೆಜ್ಡಿ

ದೋಷವಲ್ಲ, ಅದು ಎಬಿಎಸ್ ಕೆಲಸ ಮಾಡುವ ರೀತಿ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಲ್ಲಿ ಅದು ಇರಲೇಬೇಕು. ಚಕ್ರ ಇನ್ನೇನು ಕಟ್ಟಿಕೊಂಡು ಜಾರಬೇಕು ಎನ್ನುವಾಗ ಅದು ಬ್ರೇಕಿನ ಒತ್ತಡವನ್ನು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿಯುತ್ತದೆ, ಆ ಬಡಿತವೇ ನಿಮ್ಮ ಬೆರಳಿಗೆ ಬಂದದ್ದು. ಆಗ ಬಿಡಬಾರದು, ಹಿಡಿದೇ ಇರಬೇಕು. ಮರಳಿನ ಮೇಲೆ ಅದು ನಿಲ್ಲುವ ದೂರವನ್ನು ಕಡಿಮೆ ಮಾಡದೆ ಇರಬಹುದು, ಆದರೆ ಚಕ್ರ ಕಟ್ಟಿಕೊಂಡು ಜಾರದಂತೆ ನೋಡಿಕೊಳ್ಳುತ್ತದೆ. ಈ ಬಡಿತ ಮೈದಾನದಲ್ಲಿ ನಿಮಗೆ ಪರಿಚಯವಾದದ್ದು ಒಳ್ಳೆಯದಾಯಿತು. ಬೇಗೂರು ರಸ್ತೆಯಲ್ಲಿ ಮೊದಲ ಸಲ ಆಗಿದ್ದರೆ ಅಲ್ಲಿಯೂ ಬಿಟ್ಟುಬಿಡುತ್ತಿದ್ದಿರಿ. ಮುಂದಿನ ಭಾನುವಾರ ಅದೇ ಜಾಗದಲ್ಲಿ, ಬಡಿತ ಬಂದ ಮೇಲೂ ಗಾಡಿ ಪೂರ್ತಿ ನಿಲ್ಲುವವರೆಗೆ ಹಿಡಿದಿರುವುದನ್ನು ಹತ್ತು ಸಲ ಮಾಡಿ. ಅದಕ್ಕೂ ಮೊದಲು ಟೈರಿನ ಗಾಳಿ ನೋಡಿಸಿ, ಗಾಡಿ ತಣ್ಣಗಿರುವಾಗ.

ಕಾರಿಗೆ ಬದಲಾದವರು ಹೇಳಿದ್ದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅಂದಿನಿಂದ ಒಂದು ಮಾತ್ರ ಮಾಡುತ್ತಿದ್ದೇನೆ: ಸಿಗ್ನಲ್ಲಿನಲ್ಲಿ ನಿಂತಾಗ ನ್ಯೂಟ್ರಲ್‌ಗೆ ಹಾಕದೆ ಮೊದಲ ಗೇರಿನಲ್ಲೇ ಕ್ಲಚ್ ಹಿಡಿದು, ನನ್ನ ಹಿಂದೆ ಎರಡು ವಾಹನ ಬಂದು ನಿಲ್ಲುವವರೆಗೆ ಕನ್ನಡಿಯಿಂದ ಕಣ್ಣು ತೆಗೆಯುವುದಿಲ್ಲ, ಮುಂದಿನ ವಾಹನದ ಪಕ್ಕದಲ್ಲಿ ನುಸುಳುವಷ್ಟು ಜಾಗವನ್ನೂ ಬಿಟ್ಟುಕೊಂಡಿರುತ್ತೇನೆ. ಟ್ಯಾಂಕರ್ ಬಂದೇ ಬಂದರೆ ಇದು ಸಾಕಾಗುತ್ತದೆಂದು ನಾನು ಹೇಳಲಾರೆ.

ಯುಗಾದಿ ಹತ್ತಿರ ಬಂತು, ಹೊಂಗೆ ಹೂ ಉದುರಲು ಶುರುವಾಗುತ್ತದೆ. ನೀವು ಹೊರಡುವ 6.45ಕ್ಕೆ ಪೌರಕಾರ್ಮಿಕರು ಜಯನಗರದ ಎಲ್ಲ ರಸ್ತೆಗಳನ್ನು ಗುಡಿಸಿ ಮುಗಿಸಿರುವುದಿಲ್ಲ. ರಾತ್ರಿ ಮಳೆ ಬಂದಿದ್ದರೆ ತಿರುವುಗಳಲ್ಲಿ ಗಾಡಿಯನ್ನು ನೆಟ್ಟಗಿಟ್ಟುಕೊಂಡು, ಎರಡನೇ ಗೇರಿನಲ್ಲಿ ಹೋಗಿ.